ಚಳಿಗಾಲಕ್ಕೊಂದು ದಕ್ಕೆ ಬೇಕು

ಸೆಪ್ಟೆಂಬರ್ ತಿಂಗಳ ಕೊನೆಯ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಮೆಡಿಟರೇನಿಯನ್ ಸಮುದ್ರದ ಒಂದು ಚಿಕ್ಕ ಕೊಲ್ಲಿಯಲ್ಲಿ ಹನ್ನೆರಡು ಮೀಟರ್ ಉದ್ದದ ಹಾಯಿದೋಣಿಯೊಂದು ಲಂಗರು ಹಾಕಿ ನಿಂತಿದೆ. ಒಳಗೆ ಒಲೆಯ ಮೇಲೆ ಬೇಳೆಯ ಸೂಪು ಕುದಿಯುತ್ತಿದೆ. ಹತ್ತು ವರ್ಷದ ಮಗಳು ಮೇಜಿನ ಒಂದು ಬದಿಯಲ್ಲಿ ಭಾಗಾಕಾರದ ಲೆಕ್ಕ ಮಾಡುತ್ತಿದ್ದಾಳೆ. ಆರು ವರ್ಷದ ತಮ್ಮ ಅದೇ ಮೇಜಿನ ಕೆಳಗೆ ಆಟಿಕೆಗಳನ್ನು ಹರಡಿಕೊಂಡಿದ್ದಾನೆ. ಇನ್ನೊಂದು ಬದಿಯಲ್ಲಿ ತಂದೆ ತಾಯಿ ಸಮುದ್ರದ ನಕ್ಷೆಯನ್ನೂ ಖರ್ಚಿನ ಪುಸ್ತಕವನ್ನೂ ಬಿಡಿಸಿಟ್ಟು ಕುಳಿತಿದ್ದಾರೆ. ಒಂದು ವಾರದಿಂದ ಅವರ ನಡುವೆ ಒಂದೇ ಮಾತು. ಚಳಿಗಾಲದ ಆರು ತಿಂಗಳು ನಾವು ಎಲ್ಲಿರುವುದು?

ಇಂತಹ ದೋಣಿಗಳು ಒಂದೆರಡಲ್ಲ. ಬ್ರಿಟನ್, ಫ್ರಾನ್ಸ್, ಜರ್ಮನಿ, ಹಾಲೆಂಡ್ ಮುಂತಾದ ದೇಶಗಳಿಂದ ಬಂದು, ಮನೆ ಮಾರಿಯೋ ಬಾಡಿಗೆಗೆ ಕೊಟ್ಟೋ, ಹಾಯಿದೋಣಿಯಲ್ಲೇ ಬದುಕುವವರು ಈ ಸಮುದ್ರದಲ್ಲಿ ಬಹಳ ಮಂದಿ ಇದ್ದಾರೆ. ನಿವೃತ್ತರಾದ ದಂಪತಿಗಳೇ ಹೆಚ್ಚು. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದವರೂ ಇದ್ದಾರೆ. ಬೇಸಿಗೆಯಲ್ಲಿ ಅವರಿಗೆ ನೆಲದ ಚಿಂತೆಯಿಲ್ಲ. ಇವತ್ತು ಒಂದು ದ್ವೀಪ, ನಾಳೆ ಇನ್ನೊಂದು. ಲಂಗರು ಹಾಕಿದಲ್ಲೇ ಮನೆ. ಬಣ್ಣದ ಪತ್ರಿಕೆಗಳಲ್ಲಿ ಕಾಣುವುದು ಈ ಬೇಸಿಗೆಯ ಚಿತ್ರಗಳು ಮಾತ್ರ. ಅಕ್ಟೋಬರ್ ಬಂತೆಂದರೆ ಗಾಳಿ ದಿಕ್ಕು ಬದಲಿಸುತ್ತದೆ. ಉತ್ತರದ ಗಾಳಿಗೆ ಆಸರೆ ಕೊಟ್ಟಿದ್ದ ಕೊಲ್ಲಿಗೇ ದಕ್ಷಿಣದಿಂದ ಅಲೆಗಳು ನುಗ್ಗತೊಡಗುತ್ತವೆ. ದಕ್ಷಿಣದ ಈ ಗಾಳಿಯನ್ನು ಟರ್ಕಿಯವರು 'ಲೋದೋಸ್' ಎನ್ನುತ್ತಾರೆ. ಲೋದೋಸ್ ಬೀಸುವ ರಾತ್ರಿ ಬಯಲು ಕೊಲ್ಲಿಯಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಇರಲು ಯಾವ ತಾಯಿಯೂ ಒಪ್ಪಲಾರಳು.

ನಮ್ಮ ಕರಾವಳಿಯವರಿಗೆ ಇದು ಅರ್ಥವಾಗದ ವಿಷಯವೇನಲ್ಲ. ನಮ್ಮಲ್ಲಿ ಚಳಿಗಾಲದ ಬದಲಿಗೆ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮಂಗಳೂರು, ಮಲ್ಪೆಗಳ ದಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ದೋಣಿಯನ್ನು ದಕ್ಕೆಯಲ್ಲಿ ಕಟ್ಟಿದ ಮೇಲೆ ನಮ್ಮ ಮೀನುಗಾರ ಮನೆಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಗೋಡೆ, ಹಂಚು, ಅಂಗಳ, ನೆರೆಹೊರೆ ಎಲ್ಲ ಇದೆ. ಹಾಯಿದೋಣಿಯ ಕುಟುಂಬಕ್ಕೆ ಹೋಗಲು ಬೇರೆ ಮನೆಯಿಲ್ಲ. ದೋಣಿಯೇ ಮನೆ. ಆ ಮನೆಯನ್ನು ಕಟ್ಟಲು ಯಾರದೋ ಊರಿನಲ್ಲಿ ಒಂದು ಗೂಟ, ಒಂದು ಹಗ್ಗದಷ್ಟು ಜಾಗ ಬೇಕು. ಪ್ರತಿ ವರ್ಷವೂ ಕೇಳಿ ಪಡೆಯಬೇಕು.

ಹನ್ನೆರಡು ಮೀಟರಿನ ಸಂಸಾರ

ಹನ್ನೆರಡು ಮೀಟರ್ ಎಂದರೆ ಸುಮಾರು ನಲವತ್ತು ಅಡಿ. ಅಗಲ ಹೆಚ್ಚೆಂದರೆ ನಾಲ್ಕು ಮೀಟರ್, ಅದೂ ನಡುವೆ ಮಾತ್ರ. ಮುಂದೆ ಮೂತಿಯ ಕಡೆಗೆ ಕಿರಿದಾಗುತ್ತಾ ಹೋಗುತ್ತದೆ. ಅಷ್ಟರೊಳಗೆ ಎರಡು ಮೂರು ಮಲಗುವ ಗೂಡುಗಳು, ಒಂದು ಮೇಜು, ಒಂದು ಅಡುಗೆ ಮೂಲೆ, ನಿಂತರೆ ಮೊಣಕೈ ಗೋಡೆಗೆ ತಾಗುವ ಶೌಚಾಲಯ. ಮೇಜು ಊಟಕ್ಕೂ ಅದೇ, ಪಾಠಕ್ಕೂ ಅದೇ. ಅತಿಥಿಗಳು ಬಂದರೆ ಅದನ್ನು ಕೆಳಗಿಳಿಸಿ ಮೇಲೆ ಹಾಸಿಗೆ ಹಾಕಿದರೆ ಮಂಚವೂ ಅದೇ.

ಅಡುಗೆಯ ಒಲೆಯನ್ನು ನೋಡಿದರೆ ನಮ್ಮ ಗೃಹಿಣಿಯರಿಗೆ ಆಶ್ಚರ್ಯವಾದೀತು. ಅದನ್ನು ಎರಡು ಬದಿಯ ಕೀಲುಗಳ ಮೇಲೆ ತೂಗುಹಾಕಿರುತ್ತಾರೆ. ದೋಣಿ ಎಡಕ್ಕೆ ವಾಲಲಿ, ಬಲಕ್ಕೆ ವಾಲಲಿ, ಒಲೆ ತೊಟ್ಟಿಲಿನಂತೆ ತೂಗಿ ಸಮತಟ್ಟಾಗಿಯೇ ನಿಲ್ಲುತ್ತದೆ. ಪಾತ್ರೆ ಜಾರದಂತೆ ಸುತ್ತ ಕಂಬಿ. ಅಡುಗೆ ಮಾಡುವವಳು ಬೀಳದಂತೆ ಸೊಂಟಕ್ಕೊಂದು ಪಟ್ಟಿ. ಇಷ್ಟಾದರೂ ಅಲೆಯ ದಿನ ಕುದಿಯುವ ಎಣ್ಣೆಯ ಹತ್ತಿರ ಯಾರೂ ಹೋಗುವುದಿಲ್ಲ. ಅಂದು ಬ್ರೆಡ್ಡು, ಬೇಯಿಸಿಟ್ಟ ಮೊಟ್ಟೆ, ಬಾಳೆಹಣ್ಣು. ಗ್ಯಾಸ್ ಸಿಲಿಂಡರಿನದು ಬೇರೆಯೇ ಗೋಳು. ಒಂದು ದೇಶದ ಸಿಲಿಂಡರಿನ ಬಾಯಿ ಇನ್ನೊಂದು ದೇಶದ ರೆಗ್ಯುಲೇಟರಿಗೆ ಹೊಂದುವುದಿಲ್ಲ. ಆದ್ದರಿಂದ ಬೇರೆ ಬೇರೆ ದೇಶದ ಜೋಡಣೆಗಳನ್ನು ಡಬ್ಬಿಯಲ್ಲಿ ತುಂಬಿಟ್ಟುಕೊಂಡಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಚಿಂತೆ ನೀರಿನದು. ಇಂತಹ ದೋಣಿಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಮುನ್ನೂರರಿಂದ ಐನೂರು ಲೀಟರ್ ಸಿಹಿನೀರು. ನಾಲ್ಕು ಜನರ ಕುಟುಂಬ ಅದರಲ್ಲಿ ಒಂದೆರಡು ವಾರ ತಳ್ಳಬೇಕು. ಪಾತ್ರೆಗಳನ್ನು ಮೊದಲು ಸಮುದ್ರದ ನೀರಿನಲ್ಲಿ ತೊಳೆದು, ಕೊನೆಗೆ ಒಂದು ಲೋಟ ಸಿಹಿನೀರಿನಲ್ಲಿ ಜಾಲಾಡಿಸುತ್ತಾರೆ. ಬಟ್ಟೆ ಬಾಲ್ದಿಯಲ್ಲೇ. ಒಗೆದು ದೋಣಿಯ ಸುತ್ತಲಿನ ತಂತಿಗೆ ಹಾಕಿದರೆ ಗಾಳಿಗೆ ಬೇಗ ಒಣಗುತ್ತದೆ. ಆದರೆ ಉಪ್ಪು ತಾಗಿದ ಬಟ್ಟೆ ಎಂದಿಗೂ ಪೂರ್ತಿ ಒಣಗದು, ಯಾವಾಗಲೂ ಒಂದು ಬಗೆಯ ಪಸೆ. ಎಪ್ರಿಲ್-ಮೇ ತಿಂಗಳಲ್ಲಿ ಟ್ಯಾಂಕರ್‌ಗಾಗಿ ಕೊಡ ಹಿಡಿದು ಕಾದ ನಮ್ಮ ಸಹೋದರಿಯರಿಗೆ ಈ ಲೆಕ್ಕಾಚಾರವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿ ನಿಯಮಗಳು ಬಹಳ ಕಟ್ಟುನಿಟ್ಟು. ಅಂಚಿನ ತಂತಿಗಳಿಗೆ ಸುತ್ತಲೂ ಬಲೆ ಕಟ್ಟಿರುತ್ತಾರೆ. ಮೇಲಂತಸ್ತಿಗೆ ಬರುವ ಮಗು ಜೀವರಕ್ಷಕ ಜಾಕೆಟ್ ತೊಟ್ಟೇ ಬರಬೇಕು. ಪ್ರಯಾಣದಲ್ಲಿದ್ದಾಗ ಸೊಂಟದ ಪಟ್ಟಿಯನ್ನು ದೋಣಿಗೆ ಸಿಕ್ಕಿಸಲೇಬೇಕು. ಕಾಲು ಜಾರಿದ ಮಗುವನ್ನು ಓಡಿಹೋಗಿ ಎತ್ತಿಕೊಳ್ಳಲು ಅಲ್ಲಿ ಅಂಗಳವಿಲ್ಲವಲ್ಲ.

ಇನ್ನು ಗಂಡ ಹೆಂಡತಿಯ ಮಾತು. ಇಪ್ಪತ್ತನಾಲ್ಕು ಗಂಟೆಯೂ ಒಬ್ಬರ ಕಣ್ಣೆದುರು ಒಬ್ಬರು. ಮುನಿಸಿಕೊಂಡರೆ ಹೋಗಿ ಕೂರಲು ತವರುಮನೆ ಬಿಡಿ, ಪಕ್ಕದ ಕೋಣೆಯೂ ಇಲ್ಲ. ಈ ಬದುಕು ಕೆಲವು ದಂಪತಿಗಳನ್ನು ಹತ್ತಿರ ತರುತ್ತದೆ. ಕೆಲವರನ್ನು ಬೇರೆಯೂ ಮಾಡುತ್ತದೆ. ಟರ್ಕಿಯ ಸಾದುನ್ ಬೋರೋ ಮತ್ತು ಅವರ ಜರ್ಮನ್ ಮೂಲದ ಪತ್ನಿ ಓಡಾ 1965ರಿಂದ 1968ರವರೆಗೆ 'ಕಿಸ್ಮೆತ್' ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದರು. ಹೌದು, ನಮ್ಮ 'ಕಿಸ್ಮತ್' ಪದವೇ. ಹಾಗೆ ಸುತ್ತಿದ ಟರ್ಕಿಯ ಮೊದಲಿಗರು ಅವರು. ಅವರ ಸಂಸಾರ ಕೊನೆಯವರೆಗೂ ಸಮುದ್ರದ ನಂಟಿನಲ್ಲೇ ಇತ್ತು. ಇತ್ತ 2012ರಲ್ಲಿ ಹದಿನಾರನೇ ವಯಸ್ಸಿನಲ್ಲಿ ಒಬ್ಬಂಟಿಯಾಗಿ ಭೂಮಿ ಸುತ್ತಿ ಬಂದ ಡಚ್ ಹುಡುಗಿ ಲಾರಾ ಡೆಕ್ಕರ್ ಹುಟ್ಟಿದ್ದೇ ಅಪ್ಪ ಅಮ್ಮ ಹಾಯಿದೋಣಿಯಲ್ಲಿ ಲೋಕ ಸುತ್ತುತ್ತಿದ್ದಾಗ, 1995ರಲ್ಲಿ, ನ್ಯೂಝಿಲೆಂಡಿನಲ್ಲಿ. ಹಾಲೆಂಡಿಗೆ ಮರಳಿದ ಮೇಲೆ ಆ ದಂಪತಿ ಬೇರೆಯಾದರು. ಮಗಳು ತಂದೆಯ ಜೊತೆ ಉಳಿದಳು. ದೋಣಿ ಯಾರ ಸಂಸಾರವನ್ನೂ ಉಳಿಸುವುದೂ ಇಲ್ಲ, ಮುರಿಯುವುದೂ ಇಲ್ಲವೇನೋ. ಮನೆಯಲ್ಲಿ ಹತ್ತು ವರ್ಷ ಮುಚ್ಚಿಡಬಹುದಾದದ್ದನ್ನು ಅದು ಹತ್ತು ತಿಂಗಳಲ್ಲಿ ಹೊರಗೆ ಹಾಕುತ್ತದೆ, ಅಷ್ಟೆ.

ಗಂಡನ ಪಟ್ಟಿ, ಹೆಂಡತಿಯ ಪಟ್ಟಿ

ಚಳಿಗಾಲದ ಜಾಗ ಹುಡುಕುವಾಗ ಎರಡು ಪಟ್ಟಿಗಳು ತಯಾರಾಗುತ್ತವೆ. ಗಂಡನ ಪಟ್ಟಿಯಲ್ಲಿ ಬಂದರಿನ ಆಳ ಎಷ್ಟು, ಅಲೆತಡೆ ಗೋಡೆ ಯಾವ ದಿಕ್ಕಿಗಿದೆ, ದೋಣಿಯನ್ನು ನೀರಿನಿಂದ ಎತ್ತುವ ಕ್ರೇನ್ ಇದೆಯೇ, ಇಂಜಿನ್ ರಿಪೇರಿಯವನು ಇದ್ದಾನೆಯೇ, ತಿಂಗಳಿಗೆ ಬಾಡಿಗೆ ಎಷ್ಟು ಎಂಬ ಪ್ರಶ್ನೆಗಳು. ಹೆಂಡತಿಯ ಪಟ್ಟಿಯೇ ಬೇರೆ. ನಲ್ಲಿ ಎಷ್ಟು ದೂರ? ಸ್ನಾನಗೃಹದಲ್ಲಿ ಬಿಸಿನೀರು ಬರುತ್ತದೆಯೇ? ಬಟ್ಟೆ ಒಗೆಯುವ ಯಂತ್ರ ಇದೆಯೇ? ತರಕಾರಿ ಪೇಟೆಗೆ ನಡೆದು ಹೋಗಬಹುದೇ? ಮಕ್ಕಳ ವೈದ್ಯರು ಆ ಊರಿನಲ್ಲಿದ್ದಾರೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳಿರುವ ಬೇರೆ ದೋಣಿಗಳು ಅಲ್ಲಿಗೆ ಬರುತ್ತವೆಯೇ? ಬೇಸಿಗೆಯಿಡೀ ಅಕ್ಕ ತಮ್ಮ ಇಬ್ಬರೇ ಆಡಿದ್ದಾರೆ. ಮಗಳಿಗೆ ಒಬ್ಬ ಗೆಳತಿ ಬೇಕಾಗಿದೆ.

ಮೊದಲನೆಯ ಪಟ್ಟಿ ಪುಸ್ತಕಗಳಲ್ಲಿ ಸಿಗುತ್ತದೆ. ಎರಡನೆಯದು ಹೆಂಗಸರಿಂದ ಹೆಂಗಸರಿಗೆ ಬಾಯಿಮಾತಿನಲ್ಲಿ ಸಾಗುವಂಥದ್ದು. ದೋಣಿ ಬಂಡೆಗೆ ಬಡಿಯದಂತೆ ಕಾಯುವುದು ಮೊದಲನೆಯ ಪಟ್ಟಿಯಾದರೂ, ಕುಟುಂಬವೊಂದು ಮರುವರ್ಷವೂ ಸಮುದ್ರದಲ್ಲಿ ಉಳಿಯುತ್ತದೆಯೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಬಹುಮಟ್ಟಿಗೆ ಎರಡನೆಯದರಿಂದ ಎಂದು ನನ್ನ ಅನಿಸಿಕೆ.

ಚಳಿಗಾಲಕ್ಕೆ ದೋಣಿಗಳು ಸೇರುವ ಊರುಗಳು ಹಲವು. ಟರ್ಕಿಯಲ್ಲಿ ಮಾರ್ಮರಿಸ್ ಮತ್ತು ಫಿನಿಕೆ, ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಆಯಿಯೋಸ್ ನಿಕೋಲಾವೋಸ್, ಇಟಲಿಯ ಸಿಸಿಲಿಯಲ್ಲಿ ಲಿಕಾಟಾ ಮತ್ತು ಮರೀನಾ ದಿ ರಗೂಸಾ, ಸ್ಪೇನಿನಲ್ಲಿ ಕಾರ್ತಹೇನಾ, ಟ್ಯುನೀಸಿಯಾದಲ್ಲಿ ಮೊನಾಸ್ತಿರ್. ಈ ಊರುಗಳಲ್ಲಿ ಮರೀನಾಗಳಿವೆ. ಮರೀನಾ ಎಂದರೆ ಇಂತಹ ದೋಣಿಗಳಿಗಾಗಿಯೇ ಕಟ್ಟಿದ ಪುಟ್ಟ ಬಂದರು. ಅಲ್ಲಿ ದೋಣಿಯ ಹಿಂಭಾಗವನ್ನು ದಕ್ಕೆಗೆ ಕಟ್ಟಿ, ಮುಂಭಾಗವನ್ನು ನೀರಿನಡಿಯ ಹಗ್ಗಕ್ಕೆ ಬಿಗಿಯುತ್ತಾರೆ. ದಕ್ಕೆಗೂ ದೋಣಿಗೂ ನಡುವೆ ಒಂದು ಹಲಗೆ. ಆ ಹಲಗೆಯೇ ಆರು ತಿಂಗಳು ಮನೆಯ ಹೊಸಿಲು.

ಬಾಡಿಗೆ ನಿಗದಿಯಾಗುವುದು ದೋಣಿಯ ಅಳತೆಯ ಮೇಲೆ. ಎರಡು ಒಡಲಿನ ಕಟಮರಾನ್ ಆದರೆ ಜಾಗ ಹೆಚ್ಚು ಬೇಕು, ಆದ್ದರಿಂದ ಹಣವೂ ಹೆಚ್ಚು. ತಿಂಗಳ ಲೆಕ್ಕಕ್ಕಿಂತ ಆರು ತಿಂಗಳ ಕರಾರು ಅಗ್ಗ. ಆದರೆ ಹಣ ಮುಂಗಡ ಕೊಡಬೇಕು. ಬಹುಕಾಲ ಟರ್ಕಿ ಅಗ್ಗದ ದೇಶವೆಂದೇ ಹೆಸರಾಗಿತ್ತು. 2021ರ ನಂತರ ಅಲ್ಲಿ ಬೆಲೆಯೇರಿಕೆ ಕೈಮೀರಿತು. 2022ರ ಅಕ್ಟೋಬರ್‌ನಲ್ಲಿ ಸರಕಾರಿ ಲೆಕ್ಕದ ಪ್ರಕಾರವೇ ಹಣದುಬ್ಬರ ಶೇಕಡಾ 85 ದಾಟಿತ್ತು. ಮರೀನಾಗಳ ಬಾಡಿಗೆಯೂ ಏರಿತು. ವರ್ಷಗಳಿಂದ ಅಲ್ಲೇ ಬೇರುಬಿಟ್ಟಿದ್ದ ಕೆಲವು ದೋಣಿಗಳು ಹಗ್ಗ ಬಿಚ್ಚಿ ಬೇರೆ ಕಡೆ ಹೊರಟವು.

ಬೇರೆ ಕಡೆ ಎಂದರೆ ಎಲ್ಲಿಗೆ? ಅಲ್ಲಿ ಇನ್ನೊಂದು ಗೋಡೆ. ಷೆಂಗೆನ್ ಒಪ್ಪಂದದ ಐರೋಪ್ಯ ದೇಶಗಳಲ್ಲಿ ಹೊರಗಿನವರು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. 2021ರ ಜನವರಿ 1ರಿಂದ ಬ್ರಿಟಿಷರೂ ಈ ಲೆಕ್ಕದಲ್ಲಿ ಹೊರಗಿನವರಾದರು. ಗ್ರೀಸಿನಲ್ಲಿ ಚಳಿಗಾಲವಿಡೀ ಇರುತ್ತಿದ್ದ ಬ್ರಿಟಿಷ್ ಕುಟುಂಬಕ್ಕೆ ಇದ್ದಕ್ಕಿದ್ದಂತೆ ದಿನ ಎಣಿಸುವ ಪಾಡು. ಟರ್ಕಿಯಲ್ಲೂ ತೊಂಬತ್ತು ದಿನ ಮೀರಿದರೆ ವಾಸದ ಪರವಾನಿಗೆ ಮಾಡಿಸಬೇಕು. ದೋಣಿಗೆ ಒಂದು ಕಾನೂನು, ಅದರೊಳಗಿನ ಮನುಷ್ಯರಿಗೆ ಇನ್ನೊಂದು. ಐರೋಪ್ಯ ಒಕ್ಕೂಟದಲ್ಲಿ ಹೊರದೇಶದ ದೋಣಿ ತೆರಿಗೆಯಿಲ್ಲದೆ ಹದಿನೆಂಟು ತಿಂಗಳು ನಿಲ್ಲಬಹುದು, ಆದರೆ ಅದರಲ್ಲಿ ಅಡುಗೆ ಮಾಡುವವಳು ಮೂರು ತಿಂಗಳಲ್ಲಿ ಹೊರಡಬೇಕು! ಮೇಜಿನ ಮೇಲೆ ನಕ್ಷೆಯ ಜೊತೆ ಖರ್ಚಿನ ಪುಸ್ತಕ ಮಾತ್ರವಲ್ಲ, ಕ್ಯಾಲೆಂಡರೂ ಏಕೆ ಬೇಕೆಂದು ಈಗ ತಿಳಿಯಿತಲ್ಲ.

ಕಾಸಿಮ್ ದಿನ

ಸಮುದ್ರದವರ ಈ ಹುಡುಕಾಟ ಇಂದು ನಿನ್ನೆಯದಲ್ಲ. ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ವರ್ಷವನ್ನು ಎರಡಾಗಿ ಹಂಚಿದ್ದರು. ಈಗಿನ ಲೆಕ್ಕದಲ್ಲಿ ಮೇ 6 'ಹಿಝಿರ್' ದಿನ. ಹಝ್ರತ್ ಖಿಝ್ರ್(ಅ)ರ ಹೆಸರಿನ ಈ ದಿನದಿಂದ ಬೇಸಿಗೆ. ನವೆಂಬರ್ 8 'ಕಾಸಿಮ್' ದಿನ, ಅಲ್ಲಿಂದ ಚಳಿಗಾಲ. ನೌಕಾಪಡೆ ಹಿಝಿರ್ ದಿನದ ಸುಮಾರಿಗೆ ಹೊರಟು ಕಾಸಿಮ್ ಬರುವುದರೊಳಗೆ ಇಸ್ತಂಬೂಲಿಗೆ ಮರಳಿ ಕಟ್ಟಿಕೊಳ್ಳಬೇಕೆಂಬುದು ವಾಡಿಕೆ. ಟರ್ಕಿ ಭಾಷೆಯಲ್ಲಿ ನವೆಂಬರ್ ತಿಂಗಳ ಹೆಸರು ಇಂದಿಗೂ ಕಾಸಿಮ್.

ಚಳಿಗಾಲದೊಳಗೆ ದಡ ಸೇರದೆ ಹೋದರೆ ಏನಾಗುತ್ತದೆ ಎಂದು ತಿಳಿಯಲು ಇಬ್ನ್ ಜುಬೈರ್‌ರ ಪ್ರವಾಸ ಕಥನವನ್ನು ಓದಬೇಕು. ಅಂದಲೂಸಿಯಾದ (ಈಗಿನ ಸ್ಪೇನ್) ಈ ವಿದ್ವಾಂಸರು ಹಜ್ಜ್ ಮುಗಿಸಿ, 1184ರ ಅಕ್ಟೋಬರ್‌ನಲ್ಲಿ ಅಕ್ಕಾ ಬಂದರಿನಿಂದ ಜಿನೋವಾದವರ ಹಡಗು ಹತ್ತಿದರು. ಪಶ್ಚಿಮಕ್ಕೆ ಒಯ್ಯುವ ಮೂಡಣ ಗಾಳಿ ಅಲ್ಲಿ ವಸಂತದಲ್ಲಿ ಒಮ್ಮೆ, ಅಕ್ಟೋಬರ್ ಮಧ್ಯದಲ್ಲಿ ಸುಮಾರು ಹದಿನೈದು ದಿನ ಮತ್ತೊಮ್ಮೆ ಬೀಸುತ್ತದೆಂದು ಅವರೇ ಬರೆದಿದ್ದಾರೆ. ಅದನ್ನು ತಪ್ಪಿಸಿಕೊಂಡರೆ ವಸಂತದವರೆಗೆ ಕಾಯಬೇಕು. ಹಡಗಿನಲ್ಲಿ ಸಾವಿರಾರು ಜನ. ದಾಳಿಂಬೆ, ಅಂಜೂರ, ಈರುಳ್ಳಿ, ಬೆಳ್ಳುಳ್ಳಿ, ಗಿಣ್ಣು, ಮೀನು ಎಲ್ಲವೂ ಮಾರಾಟಕ್ಕಿದ್ದು, ಊರಿನ ಪೇಟೆಯೇ ನೀರಿನ ಮೇಲೆ ತೇಲುತ್ತಿರುವಂತೆ ಇತ್ತಂತೆ. ಆದರೆ ಗಾಳಿ ಕೈಕೊಟ್ಟಿತು. ದಿನಗಳು ವಾರಗಳಾದವು. ತಂದ ಆಹಾರ ಮುಗಿಯತೊಡಗಿತು. ಸತ್ತವರನ್ನು ಸಮುದ್ರಕ್ಕೇ ಒಪ್ಪಿಸಿದರು. ಕೊನೆಗೆ ಡಿಸೆಂಬರ್‌ನಲ್ಲಿ, ರಮಝಾನ್ ತಿಂಗಳಲ್ಲಿ, ಸಿಸಿಲಿಯ ಮೆಸ್ಸಿನಾದ ಮುಂದೆ ಹಡಗು ನೆಲಕ್ಕೆ ಬಡಿದು ಒಡೆಯಿತು. ದಡದಿಂದ ಬಂದ ದೋಣಿಯವರು ಜನರನ್ನು ಕರೆದೊಯ್ಯಲು ಮಿತಿಮೀರಿ ಹಣ ಕೇಳಿದರು. ಹಣವಿಲ್ಲದ ಬಡ ಮುಸ್ಲಿಮರ ಪರವಾಗಿ ಅದನ್ನು ಕೊಡಿಸಿದವರು ಸಿಸಿಲಿಯ ಕ್ರೈಸ್ತ ದೊರೆ ಎರಡನೇ ವಿಲಿಯಂ.

ಇಬ್ನ್ ಜುಬೈರ್ ಆ ವರ್ಷದ ಈದುಲ್ ಫಿತ್ರ್ ಆಚರಿಸಿದ್ದು ಸಿಸಿಲಿಯ ತ್ರಾಪಾನಿಯಲ್ಲಿ. ಹಡಗು ಹೊರಡಲು ಕಾಯುತ್ತಾ ಕಾಯುತ್ತಾ ಮಾರ್ಚ್ ಬಂತು. 1185ರ ಎಪ್ರಿಲ್‌ನಲ್ಲಿ ಅವರು ಸ್ಪೇನಿನ ದಡದಲ್ಲಿ ಇಳಿದದ್ದು ಕಾರ್ತಹೇನಾದಲ್ಲಿ, ಇಂದು ಹಾಯಿದೋಣಿಯ ಕುಟುಂಬಗಳು ಚಳಿಗಾಲ ಕಳೆಯಲು ಹುಡುಕಿಕೊಂಡು ಬರುವ ಅದೇ ಬಂದರಿನಲ್ಲಿ.

ಕಟ್ಟಿದ ಮೇಲೆ

ಜಾಗ ಸಿಕ್ಕಿತು, ಹಗ್ಗ ಕಟ್ಟಿದ್ದಾಯಿತು ಎಂದುಕೊಳ್ಳೋಣ. ಫಿನಿಕೆಯಂತಹ ಊರಿನಲ್ಲಿ. ಅದು ಕಿತ್ತಳೆಗೆ ಹೆಸರಾದ ಸಣ್ಣ ಪಟ್ಟಣ. ಹಿಂದೆ ತೌರುಸ್ ಪರ್ವತಗಳು, ಮುಂದೆ ಸಮುದ್ರ. ವಾರಕ್ಕೊಮ್ಮೆ ಸಂತೆ. ಪಾಲಕ್, ದಾಳಿಂಬೆ, ಆಲಿವ್, ಹಳ್ಳಿಯ ಹೆಂಗಸರು ತಂದ ಗಿಣ್ಣು. ಬೇಸಿಗೆಯಲ್ಲಿ ಒಂದು ಕಟ್ಟು ಸೊಪ್ಪಿಗಾಗಿ ರಬ್ಬರ್ ದೋಣಿ ಹತ್ತಿ ಹೋಗುತ್ತಿದ್ದವಳಿಗೆ ಚೀಲ ತುಂಬಿಕೊಂಡು ನಡೆದೇ ಬರುವುದು ಒಂದು ಸುಖ.

ಚಳಿಗಾಲದ ಕಷ್ಟವೇ ಬೇರೆ. ಹೊರಗೆ ಚಳಿ, ಒಳಗೆ ನಾಲ್ಕು ಜನರ ಉಸಿರು ಮತ್ತು ಅಡುಗೆಯ ಹಬೆ. ಆ ಹಬೆಯೆಲ್ಲ ತಣ್ಣನೆಯ ಗೋಡೆಗೆ ತಾಗಿ ನೀರಾಗಿ ಇಳಿಯುತ್ತದೆ. ಹಾಸಿಗೆಯ ಅಡಿ ಒದ್ದೆ, ಬಟ್ಟೆಯ ಕಪಾಟಿನಲ್ಲಿ ಬೂಷ್ಟು, ಪುಸ್ತಕಗಳ ಹಾಳೆ ಅಂಟು. ಪ್ರತಿದಿನ ಹಾಸಿಗೆ ಎತ್ತಿ ನಿಲ್ಲಿಸಿ, ಗೋಡೆ ಒರೆಸಿ, ದಕ್ಕೆಯ ಕರೆಂಟಿನಿಂದ ತೇವ ಹೀರುವ ಯಂತ್ರ ಓಡಿಸಿದರೂ ಸಾಲದು. ಆಷಾಢದ ಮಳೆಯಲ್ಲಿ ಕಪಾಟು ತೆರೆದರೆ ಬರುವ ವಾಸನೆ ನೆನಪಿದೆಯಲ್ಲ, ಅದೇ.

ಲೋದೋಸ್ ಬೀಸುವ ರಾತ್ರಿ ಬಂದರಿನೊಳಗೂ ನಿದ್ದೆಯಿಲ್ಲ. ನೂರಾರು ಹಾಯಿಕಂಬಗಳಿಗೆ ಹಗ್ಗಗಳು ಟಕಟಕ ಬಡಿಯುವ ಸದ್ದು. ಕಟ್ಟಿದ ಹಗ್ಗ ಕಲ್ಲಿಗೆ ಉಜ್ಜಿ ಸವೆಯುತ್ತಿದೆಯೇ ಎಂದು ಗಂಟೆಗೊಮ್ಮೆ ಎದ್ದು ನೋಡಬೇಕು. ಗಂಡ ಊರಿಗೆ ಹೋಗಿದ್ದರೆ ಆ ಕೆಲಸ ಹೆಂಡತಿಯದು. ಮಳೆಯಲ್ಲಿ ಟಾರ್ಚ್ ಹಿಡಿದು ಬಂದಾಗ ಪಕ್ಕದ ದೋಣಿಯವರೂ ಟಾರ್ಚ್ ಹಿಡಿದು ನಿಂತಿರುತ್ತಾರೆ. ಒಂದು ಮಾತೂ ಆಡದೆ ಅವರು ಇವರ ಹಗ್ಗವನ್ನೂ ಬಿಗಿದು ಹೋಗುತ್ತಾರೆ.

ನೆರೆಹೊರೆ ಹುಟ್ಟುವುದು ಹೀಗೆ. ಬೆಳಿಗ್ಗೆ ನಿಗದಿತ ಹೊತ್ತಿಗೆ ದೋಣಿಗಳ ರೇಡಿಯೋದಲ್ಲಿ ಎಲ್ಲರೂ ಸೇರುತ್ತಾರೆ. ಒಬ್ಬರು ಹವಾಮಾನ ಓದುತ್ತಾರೆ. ಇನ್ನೊಬ್ಬರು ತಮ್ಮ ಬೆಕ್ಕು ಕಾಣೆಯಾಗಿದೆ ಎನ್ನುತ್ತಾರೆ. ಹೊಲಿಗೆ ಯಂತ್ರ ಯಾರ ಬಳಿ ಇದೆ, ಆಸ್ಪತ್ರೆಗೆ ಜೊತೆಗೆ ಬರುವವರು ಯಾರು, ಮಕ್ಕಳ ಚಿತ್ರಕಲೆ ತರಗತಿ ಇಂದು ಯಾವ ದೋಣಿಯಲ್ಲಿ ಎಂಬಂಥ ಮಾತುಗಳು. ಮಕ್ಕಳ ಓದಿಗೂ ಚಳಿಗಾಲವೇ ಕಾಲ. ಫ್ರಾನ್ಸಿನ ಕುಟುಂಬಗಳು 1939ರಲ್ಲಿ ಆರಂಭವಾದ ಸರಕಾರಿ ದೂರಶಿಕ್ಷಣ ಸಂಸ್ಥೆಯ ಪಾಠಗಳನ್ನು ತರಿಸಿಕೊಳ್ಳುತ್ತವೆ. ಇಂಗ್ಲೆಂಡಿನವರಿಗೆ ಮನೆಯಲ್ಲೇ ಕಲಿಸಲು ಕಾನೂನಿನ ಅಡ್ಡಿಯಿಲ್ಲ. ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕೆಂಬ ಕಾನೂನಿರುವುದರಿಂದ ಅಲ್ಲಿಯವರು ಮೊದಲು ಊರಿನ ದಫ್ತರಿನಿಂದ ಹೆಸರು ತೆಗೆಸಿಕೊಂಡೇ ಹೊರಡಬೇಕಾಗುತ್ತದೆ. ತಾಯಿಯೇ ಅಧ್ಯಾಪಕಿ. 'ನನ್ನ ಮಗು ಹಿಂದೆ ಬಿದ್ದಿದೆಯೇ' ಎಂಬ ಅಳುಕು ಅವಳನ್ನು ಬಿಡುವುದಿಲ್ಲ. ಕಲಿಕೆಗಿಂತಲೂ ಗೆಳೆತನದ ನಷ್ಟ ದೊಡ್ಡದು ಎನ್ನಬೇಕು. ಎಪ್ರಿಲ್‌ನಲ್ಲಿ ಗೆಳತಿಯ ದೋಣಿ ಒಂದು ದಿಕ್ಕಿಗೆ, ನಮ್ಮದು ಇನ್ನೊಂದು ದಿಕ್ಕಿಗೆ. ಹತ್ತು ವರ್ಷದ ಹುಡುಗಿಗೆ ಅದನ್ನು ವಿವರಿಸುವುದು ಸುಲಭವಲ್ಲ.

ಟರ್ಕಿಯಲ್ಲಿ ಚಳಿಗಾಲ ಕಳೆಯುವ ಐರೋಪ್ಯ ಕುಟುಂಬಗಳು ಒಂದು ಮುಸ್ಲಿಮ್ ಊರಿನ ದಿನಚರಿಯೊಳಗೆ ಬದುಕುತ್ತವೆ ಎಂಬುದು ಗಮನಿಸಬೇಕಾದ ಸಂಗತಿ. ಅಝಾನ್ ಅವರ ಗಡಿಯಾರವಾಗುತ್ತದೆ. ಕೆಲವು ವರ್ಷಗಳಿಂದ ರಮಝಾನ್ ಕೂಡ ಈ ಕಾಲಕ್ಕೇ ಬರುತ್ತಿದೆ. 2025ರಲ್ಲಿ ಮಾರ್ಚ್ ತಿಂಗಳು ಬಹುತೇಕ ಉಪವಾಸದ ತಿಂಗಳಾಗಿತ್ತು. ಸಹರಿಯ ಹೊತ್ತಿಗೆ ಡೋಲು ಬಾರಿಸುತ್ತಾ ಬೀದಿಯಲ್ಲಿ ಹೋಗುವವರ ಸದ್ದು ದಕ್ಕೆಯವರೆಗೂ ಕೇಳಿಸುತ್ತದೆ. ಮಗ್ರಿಬ್‌ಗೆ ಮೊದಲು ಬೇಕರಿಯ ಮುಂದೆ ರಮಝಾನಿನ ಬಿಸಿ ರೊಟ್ಟಿಗಾಗಿ ಸಾಲು. ಆ ಸಾಲಿನಲ್ಲಿ ದೋಣಿಯ ಹೆಂಗಸರೂ ನಿಂತಿರುತ್ತಾರೆ.

ಮನೆಯೋ ಪ್ರಯಾಣವೋ

ದೋಣಿಯಲ್ಲಿ ಸಂಸಾರ ಮಾಡುವವನು ಮನೆಯಲ್ಲಿದ್ದಾನೆಯೋ, ಪ್ರಯಾಣದಲ್ಲಿದ್ದಾನೆಯೋ? ಇದು ನಮ್ಮ ಫಿಕ್ಹ್ ವಿದ್ವಾಂಸರು ಶತಮಾನಗಳ ಹಿಂದೆಯೇ ಎತ್ತಿದ ಪ್ರಶ್ನೆ. ಪ್ರಯಾಣಿಕನು ನಮಾಝನ್ನು ಕಸ್ರ್ ಮಾಡಬಹುದು, ಉಪವಾಸವನ್ನು ಮುಂದೂಡಬಹುದು. ಆದರೆ ಹೆಂಡತಿ ಮಕ್ಕಳನ್ನು ದೋಣಿಯಲ್ಲೇ ಇಟ್ಟುಕೊಂಡ, ದಡದಲ್ಲಿ ಬೇರೆ ಮನೆಯಿಲ್ಲದ ನಾವಿಕ? ಇಮಾಮ್ ಅಹ್ಮದ್ ಬಿನ್ ಹಂಬಲ್(ರ)ರ ಪ್ರಕಾರ ಅವನು ಪ್ರಯಾಣಿಕನಲ್ಲ. ಕುಟುಂಬ ಇರುವಲ್ಲಿ ಅವನ ಮನೆ. ಆದ್ದರಿಂದ ನಮಾಝ್ ಪೂರ್ತಿ ಮಾಡಬೇಕು, ಉಪವಾಸ ಹಿಡಿಯಬೇಕು. ಇತರ ಇಮಾಮರು ಅವನಿಗೆ ರಿಯಾಯಿತಿ ಇದೆ ಎಂದರು. ಆದರೂ ಇಮಾಮ್ ಶಾಫಿಈ(ರ)ರ ಪ್ರಕಾರ ಅಂಥವನು ಪೂರ್ತಿ ಮಾಡುವುದೇ ಉತ್ತಮ. ಹನಫಿ ಗ್ರಂಥಗಳಲ್ಲಿ ಇನ್ನೊಂದು ಮಾತಿದೆ. ದಡಕ್ಕೆ ಕಟ್ಟಿದ ದೋಣಿ ದಡದಂತೆಯೇ, ಅದರಲ್ಲಿ ನಿಂತೇ ನಮಾಝ್ ಮಾಡಬೇಕು. ಲಂಗರಿನ ಮೇಲೆ ನಿಂತ ದೋಣಿ ಗಾಳಿ ತಿರುಗಿದಂತೆ ತಿರುಗುತ್ತದೆ, ಕಿಬ್ಲಾ ಈಗ ಬಲಕ್ಕಿದ್ದರೆ ಗಂಟೆಯ ಬಳಿಕ ಹಿಂದಕ್ಕೆ. ದಕ್ಕೆಗೆ ಕಟ್ಟಿದ ಮೇಲೆ ಅದು ಒಂದೇ ಕಡೆ ನಿಲ್ಲುತ್ತದೆ. ಹಝ್ರತ್ ನೂಹ್(ಅ) ನಾವೆಯನ್ನೇರುವಾಗ ಅದರ ಚಲನೆಯನ್ನು ಮಾತ್ರವಲ್ಲ, ಅದರ ನಿಲುಗಡೆಯನ್ನೂ ಅಲ್ಲಾಹನ ನಾಮದೊಂದಿಗೆ ಸ್ಮರಿಸಿದ್ದು ಹೂದ್ ಅಧ್ಯಾಯದಲ್ಲಿದೆ.

ಇಷ್ಟು ಹೊತ್ತು ಹೇಳಿದ್ದು ಸ್ವಂತ ಇಚ್ಛೆಯಿಂದ ದೋಣಿ ಹತ್ತಿದವರ ಕತೆ. ಅವರ ಕೈಯಲ್ಲಿ ಪಾಸ್‌ಪೋರ್ಟ್ ಇದೆ, ಬ್ಯಾಂಕಿನಲ್ಲಿ ಹಣವಿದೆ, ಬೇಸರವಾದರೆ ಮರಳಲು ದೇಶವಿದೆ. ಜಾಗ ಸಿಗದಿದ್ದರೆ ಅವರಿಗೆ ತೊಂದರೆ, ದುರಂತವಲ್ಲ. ದೋಣಿಯನ್ನೇ ಮನೆ ಮಾಡಿಕೊಂಡ ಇನ್ನೊಂದು ಜನಾಂಗವಿದೆ, ಅವರು ನಮ್ಮವರೇ. ಮಲೇಶ್ಯಾದ ಸಬಾ ರಾಜ್ಯ ಮತ್ತು ಫಿಲಿಪ್ಪೀನ್ಸಿನ ದಕ್ಷಿಣದ ದ್ವೀಪಗಳ ನಡುವಿನ ಸಮುದ್ರದಲ್ಲಿ ಬದುಕುವ ಬಜಾವ್ ಲಾವುತ್ ಜನ. 'ಲೆಪಾ' ಎಂಬ ಮರದ ದೋಣಿಯಲ್ಲಿ ಅವರ ಹುಟ್ಟು, ಮದುವೆ, ಬಾಣಂತನ ಎಲ್ಲವೂ ನಡೆಯುತ್ತಿತ್ತು. ಒಂದು ದೋಣಿಗೆ ಒಂದು ಕುಟುಂಬ. ಗಾಳಿಯ ಕಾಲಕ್ಕೆ ತಕ್ಕಂತೆ ಆಸರೆಯ ದಡ ಹುಡುಕಿ, ಬಂಧುಗಳ ದೋಣಿಗಳನ್ನು ಅಕ್ಕಪಕ್ಕ ಕಟ್ಟಿಕೊಂಡು ನಿಲ್ಲುವುದು ಅವರ ರೀತಿ. 1950ರ ದಶಕದ ಬಳಿಕ 'ಲೆಪಾ' ಬಿಟ್ಟು ನೀರಿನ ಮೇಲೆ ಕಂಬ ನೆಟ್ಟು ಗುಡಿಸಲು ಕಟ್ಟಿದವರು ಹೆಚ್ಚಾದರು. ಅವರಲ್ಲಿ ಹಲವರಿಗೆ ಯಾವ ದೇಶದ ಪೌರತ್ವವೂ ಇಲ್ಲ. ಜನನ ಪತ್ರವಿಲ್ಲದ ಮಕ್ಕಳಿಗೆ ಸರಕಾರಿ ಶಾಲೆಯ ಬಾಗಿಲು ಮುಚ್ಚಿದೆ. ಹೇಳಲು ಸಂಕಟವಾಗುತ್ತದೆ, ಇವರನ್ನು ಶಾಪಗ್ರಸ್ತರೆಂದು ಕರೆದು ಮಸೀದಿಯಿಂದ ದೂರವಿಟ್ಟವರು ದಡದ ಮುಸ್ಲಿಮರೇ.

2024ರ ಜೂನ್‌ನಲ್ಲಿ ಸಬಾದ ಸೆಂಪೋರ್ನಾ ಬಳಿಯ ಸಮುದ್ರ ಉದ್ಯಾನದ ದ್ವೀಪಗಳಲ್ಲಿ ಬಜಾವ್ ಲಾವುತ್ ಜನರ ಮನೆಗಳನ್ನು ಅಧಿಕಾರಿಗಳು ಕೆಡವಿದರು, ಕೆಲವನ್ನು ಸುಟ್ಟರು. ಐನೂರಕ್ಕೂ ಹೆಚ್ಚು ಮಂದಿ ನೆಲೆ ಕಳೆದುಕೊಂಡರೆಂದು ಹೋರಾಟಗಾರರು ಹೇಳಿದರು. ಅವು ಅನಧಿಕೃತ ಕಟ್ಟಡಗಳು, ಭದ್ರತೆಯ ಪ್ರಶ್ನೆಯೂ ಇದೆ ಎಂಬುದು ಸರಕಾರದ ಸಮರ್ಥನೆ. ಅದೇ ಸೆಂಪೋರ್ನಾದಲ್ಲಿ 1994ರಿಂದ ವರ್ಷಕ್ಕೊಮ್ಮೆ 'ಲೆಪಾ' ದೋಣಿಗಳನ್ನು ಬಣ್ಣದ ಹಾಯಿಗಳಿಂದ ಸಿಂಗರಿಸಿ ಉತ್ಸವ ನಡೆಸುತ್ತಾರೆ. ಪ್ರವಾಸಿಗರು ದೂರದೂರದಿಂದ ಬರುತ್ತಾರೆ.

ಫಿನಿಕೆಯಲ್ಲಿ ಎಪ್ರಿಲ್ ಬಂತೆಂದರೆ ದೋಣಿಗಳ ತಳ ಉಜ್ಜಿ ಬಣ್ಣ ಹಚ್ಚುವ ಕೆಲಸ. ಹಾಸಿಗೆಗಳೆಲ್ಲ ಬಿಸಿಲಿಗೆ ಬರುತ್ತವೆ. ಅಕ್ಕಿ, ಬೇಳೆ, ಈರುಳ್ಳಿ, ಕಿತ್ತಳೆ ಒಳಗೆ ಸೇರುತ್ತವೆ. ಮಗಳು ಗೆಳತಿಯ ವಿಳಾಸವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ, ವಿಳಾಸವೆಂದರೆ ಒಂದು ದೋಣಿಯ ಹೆಸರು. ತಾಯಿ ಕೊನೆಯ ಬಾರಿಗೆ ಬಿಸಿನೀರಿನ ಸ್ನಾನ ಮುಗಿಸಿ ಕಚೇರಿಗೆ ಹೋಗುತ್ತಾಳೆ. ನೀರು ಮತ್ತು ಕರೆಂಟಿನ ಬಾಕಿ ತೀರಿಸಲು. ಮುಂದಿನ ಅಕ್ಟೋಬರ್‌ಗೆ ಇದೇ ಜಾಗ ಸಿಗುತ್ತದೆಯೇ, ಬಾಡಿಗೆ ಎಷ್ಟಾಗಬಹುದು ಎಂದು ಕೇಳಲು ಕೂಡ.